ಶೇರು ಟ್ರೇಡಿಂಗಿಗೆ ಕೆಂಪು ರಟ್ಟಿನ ಕಿರ್ದಿ ಪುಸ್ತಕ: ಆ್ಯಪಿಗಿಂತ ಎಲ್ಲಿ ಮೇಲು, ಎಲ್ಲಿ ಸೋಲು

ರಾಯಚೂರಿನ ರಾಜೇಂದ್ರ ಗಂಜಿನ ಅಡತ್ ಅಂಗಡಿಗಳಲ್ಲಿ ಹತ್ತಿಯ ತೂಕ, ಹಮಾಲಿ, ಕಮಿಷನ್ನು ಬರೆದಿಡುವ ಉದ್ದನೆಯ ಕೆಂಪು ರಟ್ಟಿನ ಪುಸ್ತಕ ಇದೆಯಲ್ಲ, ದೀಪಾವಳಿಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಲಕ್ಷ್ಮಿಯ ಮುಂದೆ ಕೂರುವ ಪುಸ್ತಕ, ಈ ವಿಮರ್ಶೆ ಅದರದ್ದೇ. ಸ್ಟೇಷನರಿ ಅಂಗಡಿಯಲ್ಲಿ ಕಿರ್ದಿ ಬುಕ್ಕು ಅಂದರೂ ಕೊಡುತ್ತಾರೆ, ಲಾಂಗ್ ಬುಕ್ ಅಂದರೂ ಕೊಡುತ್ತಾರೆ. 200 ಪುಟದ್ದಕ್ಕೆ ನೂರು–ನೂರೈವತ್ತರ ಆಸುಪಾಸು. ಶೇರು ವ್ಯವಹಾರ ಮಾಡುವವರಿಗೆ ಇದು ಎಷ್ಟು ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೋಡೋಣ.

ತೀರ್ಪು ಮೊದಲೇ ಹೇಳಿಬಿಡುವುದಾದರೆ, ದಿನಕ್ಕೆ ಐದರೊಳಗೆ ವ್ಯವಹಾರ ಮಾಡುವವರು ಕಣ್ಣುಮುಚ್ಚಿ ಕೊಳ್ಳಬಹುದು. ಎರಡು ನಿಮಿಷಕ್ಕೊಮ್ಮೆ ಕೊಂಡು ಮಾರುವ ಸ್ಕಾಲ್ಪಿಂಗ್ ಮಂದಿಗೆ ಇದರಿಂದ ಉಪಯೋಗ ಕಡಿಮೆ. ಅಷ್ಟು ವೇಗದಲ್ಲಿ ಪೆನ್ನು ಓಡುವುದಿಲ್ಲ.

ಕೊಳ್ಳುವಾಗ ಮೂರು ಸಂಗತಿ ನೋಡಿ. ಪ್ರತಿ ಪುಟದ ಮೇಲೂ ಸಂಖ್ಯೆ ಅಚ್ಚಾಗಿರಬೇಕು. ಹೊಲಿಗೆ ಹಾಕಿದ ಬೈಂಡಿಂಗ್ ಇರಬೇಕು. ನಮ್ಮ ಕಡೆಯ ಬೇಸಿಗೆಗೆ ಬರೀ ಅಂಟಿನ ಬೈಂಡಿಂಗ್ ಬೆನ್ನು ಬಿಡುತ್ತದೆ. ಸ್ಪೈರಲ್ ಬೇಡವೇ ಬೇಡ. ಸ್ಪೈರಲ್ಲಿನ ಹಾಳೆಯನ್ನು ಹರಿದರೆ ಹರಿದದ್ದೇ ಗೊತ್ತಾಗುವುದಿಲ್ಲ, ಮತ್ತು ಲುಕ್ಸಾನಿನ ಹಾಳೆಯನ್ನು ಹರಿಯುವ ಆಸೆ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಹೊಲಿದ ಪುಸ್ತಕದಲ್ಲಿ 46 ಆದ ಮೇಲೆ 49 ಬಂದರೆ ನಡುವಿನ ಹಾಳೆ ಎಲ್ಲಿಗೆ ಹೋಯಿತು ಎಂದು ಪುಸ್ತಕವೇ ಕೇಳುತ್ತದೆ. ಕಾಗದ ತೆಳ್ಳಗಿದ್ದರೆ ಜೆಲ್ ಪೆನ್ನಿನ ಶಾಯಿ ಹಿಂದಕ್ಕೆ ಇಳಿಯುತ್ತದೆ, ಬಾಲ್‌ಪೆನ್ ಸಾಕು. ಪೆನ್ಸಿಲ್ಲಿನಲ್ಲಿ ಬರೆಯಬೇಡಿ. ಕಾರಣ ಹೇಳಬೇಕಿಲ್ಲ.

ಪುಸ್ತಕ ಬಿಚ್ಚಿದರೆ ಎದುರುಬದುರು ಎರಡು ಪುಟ. ಎಡದ ಪುಟ ಆರ್ಡರ್ ಹಾಕುವ ಮುಂಚಿನದು, ಬಲದ್ದು ಮುಗಿದ ಮೇಲಿನದು. ಎಡಕ್ಕೆ ಏಳು ಕಾಲಂ ಗೆರೆ ಎಳೆಯಬೇಕು: ತಾರೀಖು ಮತ್ತು ಹೊತ್ತು, ಶೇರಿನ ಹೆಸರು, ಕೊಳ್ಳುವ ಕಾರಣ ಒಂದೇ ಸಾಲಿನಲ್ಲಿ, ಕೊಳ್ಳುವ ಬೆಲೆ, ಸ್ಟಾಪ್‌ಲಾಸ್ (ಬೆಲೆ ಇಲ್ಲಿಗೆ ಇಳಿದರೆ ಲುಕ್ಸಾನಾದರೂ ಮಾರಿ ಹೊರಬರುವ ಮಟ್ಟ), ಟಾರ್ಗೆಟ್ (ಮಾರಲು ಎಣಿಸಿದ ಬೆಲೆ), ಸಂಖ್ಯೆ (ಎಷ್ಟು ಶೇರು). ಬಲಕ್ಕೆ ಐದು: ಮಾರಿದ ಬೆಲೆ, ಇಟ್ಟುಕೊಂಡ ಹೊತ್ತು, ಖರ್ಚು ಕಳೆದು ಉಳಿದ ರೊಕ್ಕ, ಬರೆದಂತೆ ನಡೆದೆನಾ ಎಂಬುದಕ್ಕೆ ಹೌದು ಅಥವಾ ಇಲ್ಲ, ಕೊನೆಗೆ ಮನಸ್ಸಿನ ಸ್ಥಿತಿಗೆ ಒಂದು ಪದ. ಪುಟಕ್ಕೆ ಹತ್ತು ಸಾಲು ಬಿಟ್ಟುಕೊಂಡರೆ ಅಕ್ಷರ ಇಕ್ಕಟ್ಟಾಗುವುದಿಲ್ಲ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಬಂಡವಾಳ 2,00,000 ರೂಪಾಯಿ, ಒಂದು ವ್ಯವಹಾರದಲ್ಲಿ ಕಳೆದುಕೊಳ್ಳಲು ತಯಾರಿರುವುದು ಅದರ 1%, ಅಂದರೆ 2,000. ಶೇರು 480ಕ್ಕೆ ಸಿಗುತ್ತಿದೆ, 468ರ ಕೆಳಗೆ ಹೋದರೆ ನಿಮ್ಮ ಲೆಕ್ಕಾಚಾರ ತಪ್ಪು ಎಂದರ್ಥ. ನಡುವಿನ ಅಂತರ 12. ಎರಡು ಸಾವಿರವನ್ನು 12ರಿಂದ ಭಾಗಿಸಿದರೆ 166 ಶೇರು, ಬೆಲೆ 79,680. ಸಂಖ್ಯೆಯ ಕಾಲಮ್ಮನ್ನು ಕೊನೆಗೆ ಇಟ್ಟದ್ದು ಇದಕ್ಕಾಗಿಯೇ. ಬಹಳ ಜನ ಮೊದಲು 500 ಶೇರು ಎಂದು ತೀರ್ಮಾನಿಸಿ, ಆಮೇಲೆ ಸ್ಟಾಪ್‌ಲಾಸ್ ಎಲ್ಲಿಡಲಿ ಎಂದು ಹುಡುಕುತ್ತಾರೆ. ಆಗ 12 ರೂಪಾಯಿ ಇಳಿದರೆ 6,000 ಹೋಗುತ್ತದೆ. ಅಷ್ಟು ಬಿಡಲು ಮನಸ್ಸು ಬರುವುದಿಲ್ಲ, ಸ್ಟಾಪ್‌ಲಾಸನ್ನು ಇನ್ನೂ ಕೆಳಕ್ಕೆ ಸರಿಸುತ್ತಾರೆ. ಧೈರ್ಯ ಕಡಿಮೆ ಎಂದು ಬೈದುಕೊಳ್ಳುವ ಎಷ್ಟೋ ಮಂದಿಗೆ ನಿಜಕ್ಕೂ ಕಡಿಮೆ ಇರುವುದು ಈ ಭಾಗಾಕಾರ.

ಖರ್ಚನ್ನೂ ಅದೇ ಸಾಲಿನಲ್ಲಿ ನೋಡಿ. ಈ ವ್ಯವಹಾರ ಇಂಟ್ರಾಡೇ ಆಗಿ, ಅಂದರೆ ಕೊಂಡ ದಿನವೇ ಮಾರುವಂಥದ್ದಾಗಿ, ಸ್ಟಾಪ್‌ಲಾಸಿಗೆ ಬಡಿದು ಮುಗಿಯಿತು ಎಂದುಕೊಂಡರೆ, ಆರ್ಡರಿಗೆ 20 ರೂಪಾಯಿ ತೆಗೆದುಕೊಳ್ಳುವ ಬ್ರೋಕರ್ ಹತ್ತಿರ ಎರಡು ಕಡೆಗೆ 40. ಮಾರುವ ಕಡೆ 0.025% ಎಸ್‌ಟಿಟಿ (ಶೇರು ವ್ಯವಹಾರದ ಮೇಲಿನ ತೆರಿಗೆ) ಸುಮಾರು 19. ಮೇಲೆ ಎಕ್ಸ್‌ಚೇಂಜ್ ಶುಲ್ಕ, ಸ್ಟ್ಯಾಂಪ್ ಡ್ಯೂಟಿ, ಬ್ರೋಕರೇಜಿನ ಮೇಲೆ 18% ಜಿಎಸ್‌ಟಿ. ಎಲ್ಲ ಸೇರಿ 75ರ ಹತ್ತಿರ. ಒಂದಕ್ಕೆ 75 ಅಂದರೆ ಚಿಲ್ಲರೆ. ದಿನಕ್ಕೆ ಹತ್ತು ಮಾಡಿದರೆ 750, ತಿಂಗಳ 20 ದಿನಕ್ಕೆ 15,000. ಎರಡು ಲಕ್ಷದ ಬಂಡವಾಳದಲ್ಲಿ ತಿಂಗಳಿಗೆ 7.5% ಬರೀ ದಾರಿಖರ್ಚು. ಗಂಜಿನಲ್ಲಿ ಕುಳಿತ ಯಾವ ಅಡತಿ ಸಾಹುಕಾರನಿಗೆ ಈ ಲೆಕ್ಕ ತೋರಿಸಿದರೂ ಆ ವ್ಯಾಪಾರವೇ ಬೇಡ ಅನ್ನುತ್ತಾನೆ. ಅದೇ ಸಾಹುಕಾರನ ಮಗ ಮೊಬೈಲಿನಲ್ಲಿ ಅದನ್ನೇ ಮಾಡುತ್ತಿರುತ್ತಾನೆ, ಯಾಕೆಂದರೆ ಆ್ಯಪಿನ ಪರದೆಯ ಮೇಲೆ ದೊಡ್ಡದಾಗಿ ಕಾಣುವ ಹಸಿರು ಅಂಕಿಯಲ್ಲಿ ಸಾಮಾನ್ಯವಾಗಿ ಈ ಖರ್ಚು ಕಳೆದಿರುವುದಿಲ್ಲ.

ಎಡದ ಪುಟ ತುಂಬಲು ಸುಮಾರು 40 ಸೆಕೆಂಡು ಬೇಕು. ಈ ಪುಸ್ತಕದ ದೊಡ್ಡ ಗುಣ ಅದೇ. ಆ್ಯಪಿನವರು ಒಂದೇ ಒತ್ತಿಗೆ ಆರ್ಡರ್ ಹೋಗುವಂತೆ ಮಾಡಲು ವರ್ಷಗಟ್ಟಲೆ ಬೆವರು ಸುರಿಸಿದ್ದಾರೆ. ಪುಸ್ತಕ ಆ ಒತ್ತಿಗೂ ಬೆರಳಿಗೂ ನಡುವೆ ಅಡ್ಡ ಬಂದು ಕೂರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಕಾರಣದ ಕಾಲಮ್ಮಿನ ಹತ್ತಿರ ಬಂದಾಗ ಅದು ತಿಳಿಯುತ್ತದೆ. 'ಓಡ್ತಾ ಇದೆ', 'ಗ್ರೂಪಿನಲ್ಲಿ ಹೇಳಿದರು' ಎಂದು ಕೈಯಾರೆ ಬರೆಯಲು ನಾಚಿಕೆಯಾಗುತ್ತದೆ. ನಾಚಿಕೆಯಾದರೆ ಅರ್ಧದಷ್ಟು ಆರ್ಡರ್ ಅಲ್ಲೇ ನಿಲ್ಲುತ್ತವೆ. ಷರತ್ತು ಒಂದೇ: ಆರ್ಡರಿಗೆ ಮುಂಚೆ ಬರೆಯಬೇಕು. ಸಂಜೆ ಚಹಾ ಕುಡಿಯುತ್ತ ಕೂತು ಎಡಪುಟ ತುಂಬುವವರು ಇದ್ದಾರೆ. ಅವರ ಪುಸ್ತಕದಲ್ಲಿ ಪ್ರತಿಯೊಂದು ವ್ಯವಹಾರಕ್ಕೂ ಚೊಕ್ಕವಾದ ಕಾರಣ ಇರುತ್ತದೆ, ಬಾಕಿ ಮಾತ್ರ ಕೆಂಪು.

ಕಡಿಮೆ ಮಾಡುವವರು ಹೆಚ್ಚು ಉಳಿಸಿಕೊಳ್ಳುತ್ತಾರೆ ಎಂಬುದು ಹಳೆ ಮಾತು, ಅದಕ್ಕೆ ಅಂಕಿಯೂ ಇದೆ. ಬಾರ್ಬರ್ ಮತ್ತು ಓಡಿಯನ್ ಎಂಬ ಇಬ್ಬರು ಸಂಶೋಧಕರು 1991ರಿಂದ 1996ರವರೆಗಿನ ಅಮೆರಿಕದ 66,465 ಕುಟುಂಬಗಳ ಖಾತೆ ಜಾಲಾಡಿ 2000ದಲ್ಲಿ ಪ್ರಕಟಿಸಿದರು: ಮಾರುಕಟ್ಟೆ ವರ್ಷಕ್ಕೆ 17.9% ಕೊಟ್ಟಿದ್ದಾಗ ಅತಿ ಹೆಚ್ಚು ಕೊಂಡು ಮಾರಿದವರಿಗೆ ಸಿಕ್ಕಿದ್ದು 11.4%. ನಮ್ಮಲ್ಲೇ ನೋಡುವುದಾದರೆ, ಶೇರುಪೇಟೆಯ ನಿಯಂತ್ರಕ ಸೆಬಿ 2024ರ ಜುಲೈನಲ್ಲಿ ಕೊಟ್ಟ ವರದಿಯ ಪ್ರಕಾರ 2022–23ರಲ್ಲಿ ಶೇರು ಇಂಟ್ರಾಡೇ ಮಾಡಿದ ಹತ್ತರಲ್ಲಿ ಏಳು ಮಂದಿಗೆ ಲುಕ್ಸಾನು. ವರ್ಷಕ್ಕೆ 500ಕ್ಕಿಂತ ಹೆಚ್ಚು ವ್ಯವಹಾರ ಮಾಡಿದವರಲ್ಲಿ ಅದು 80%. ಫ್ಯೂಚರ್ಸ್ ಆಪ್ಷನ್ಸ್ (ಶೇರಿನ ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದಗಳು) ಕಥೆ ಇನ್ನೂ ಕೆಟ್ಟದು. ಸೆಬಿಯದೇ 2024ರ ಸೆಪ್ಟೆಂಬರಿನ ವರದಿಯಂತೆ, 2023–24ಕ್ಕೆ ಮುಗಿದ ಮೂರು ವರ್ಷದಲ್ಲಿ 93% ಜನ ಸೋತರು, ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಉಳಿಸಿಕೊಂಡವರು 1% ಮಾತ್ರ.

ಇನ್ನು 'ಇಟ್ಟುಕೊಂಡ ಹೊತ್ತು' ಎಂಬ ಕಾಲಂ. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದು. ಐವತ್ತು ಸಾಲು ತುಂಬಿದ ಮೇಲೆ ಗೆದ್ದ ವ್ಯವಹಾರಗಳ ನಿಮಿಷ ಕೂಡಿ ಸರಾಸರಿ ತೆಗೆಯಿರಿ, ಸೋತವುಗಳದ್ದನ್ನೂ ತೆಗೆಯಿರಿ. ಗೆದ್ದದ್ದು 18 ನಿಮಿಷ, ಸೋತದ್ದು 95 ನಿಮಿಷ ಎಂದು ಬಂದರೆ ರೋಗ ಸಿಕ್ಕಿತು. ಫಾಯ್ದೆಯನ್ನು ಕೈಗೆ ಬಂದ ಕೂಡಲೇ ಜೇಬಿಗೆ ಹಾಕುವುದು, ಲುಕ್ಸಾನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಾಕುವುದು. ಕಳೆದುಕೊಂಡ ನೂರು ರೂಪಾಯಿಯ ಸಂಕಟ, ಸಿಕ್ಕ ನೂರರ ಖುಷಿಗಿಂತ ಎರಡು ಪಟ್ಟು ತೂಗುತ್ತದೆ ಎಂಬುದು ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ ಅವರ ಕೆಲಸದಿಂದ ಬಂದ ತಿಳಿವಳಿಕೆ. ಮಾರಿದರೆ ಆ ಸಂಕಟ ಖಾಯಂ ಆಗುತ್ತದೆ, ಮಾರದಿದ್ದರೆ ಇನ್ನೂ ಆಸೆ ಉಳಿಯುತ್ತದೆ. ಶೆಫ್ರಿನ್ ಮತ್ತು ಸ್ಟಾಟ್‌ಮನ್ ಎಂಬ ಸಂಶೋಧಕರು 1985ರಲ್ಲೇ ಈ ಚಾಳಿಗೆ 'ಡಿಸ್ಪೊಸಿಷನ್ ಎಫೆಕ್ಟ್' ಎಂಬ ಹೆಸರನ್ನೂ ಇಟ್ಟರು.

ನಮ್ಮ ಸೀಮೆಯಲ್ಲಿ ಈ ಚಾಳಿಗೆ ಇನ್ನೊಂದು ಬೇರಿದೆ. ಹತ್ತಿ, ತೊಗರಿ, ಬ್ಯಾಡಗಿ ತಳಿಯ ಮೆಣಸಿನಕಾಯಿ ವ್ಯಾಪಾರ ನೋಡಿ ಬೆಳೆದವರಿಗೆ 'ಮಾಲು ಇಟ್ಟರೆ ಧಾರಣೆ ಬಂದೇ ಬರುತ್ತದೆ' ಎನ್ನುವುದು ರಕ್ತದಲ್ಲಿದೆ. ಅದು ಆ ವ್ಯಾಪಾರಕ್ಕೆ ಒಳ್ಳೆಯ ಗುಣವೇ. ಸುಗ್ಗಿಯಲ್ಲಿ ಆವಕ ಜಾಸ್ತಿಯಾಗಿ ಧಾರಣೆ ಬೀಳುತ್ತದೆ, ಗೋದಾಮಿನಲ್ಲೋ ಕೋಲ್ಡ್ ಸ್ಟೋರೇಜಿನಲ್ಲೋ ಮಾಲು ಇಟ್ಟು ಕಾದವನಿಗೆ ಎಷ್ಟೋ ವರ್ಷ ಲಾಭವಾಗುತ್ತದೆ. ಮಾಲು ಅವನದ್ದು, ಜಾಗ ಅವನದ್ದು, ಬಾಡಿಗೆ ಗೊತ್ತಿರುವುದು. ಇಂಟ್ರಾಡೇಯಲ್ಲಿ ಇದ್ಯಾವುದೂ ಇಲ್ಲ. ಐದು ಪಟ್ಟು ಮಾರ್ಜಿನ್ (ಸ್ವಂತ ರೊಕ್ಕದ ಐದು ಪಟ್ಟಿನ ಶೇರು ಕೊಳ್ಳಲು ಬ್ರೋಕರ್ ಕೊಡುವ ಅವಕಾಶ) ತೆಗೆದುಕೊಂಡ ಶೇರು 4% ಇಳಿದರೆ ಸ್ವಂತ ರೊಕ್ಕದಲ್ಲಿ 20% ಹೋಯಿತು, ಸಂಜೆ 3:20ರ ಆಸುಪಾಸಿಗೆ ಬ್ರೋಕರೇ ಕಟ್ ಮಾಡಿ ಹಾಕುತ್ತಾನೆ. ಕಾಯುವ ಹಕ್ಕೇ ಇಲ್ಲದ ಕಡೆ ಕಾಯುತ್ತ ಕೂತಂತೆ. ಡೆಲಿವರಿಯಲ್ಲಿ, ಅಂದರೆ ಪೂರ್ತಿ ರೊಕ್ಕ ಕೊಟ್ಟು ಸ್ವಂತ ಖಾತೆಗೆ, ಕೊಂಡ ಶೇರಿನಲ್ಲಿ ಕಾಯಬಹುದು ನಿಜ, ಆದರೆ ಹತ್ತಿಗೆ ಮುಂದಿನ ವರ್ಷವೂ ಗಿರಣಿ ಬೇಕು. ಸಾಲದಲ್ಲಿ ಮುಳುಗಿದ ಕಂಪನಿಯ ಶೇರು ಮುಂದಿನ ವರ್ಷ ಯಾರಿಗೂ ಬೇಡವಾಗಬಹುದು. ಗಂಜಿನ ಅನುಭವಿಗಳು ಶೇರಿನಲ್ಲಿ ಎಡವುವುದು ದಡ್ಡತನದಿಂದಲ್ಲ. ಒಂದು ಅಂಗಡಿಯ ಗುಣವನ್ನು ಇನ್ನೊಂದು ಅಂಗಡಿಗೆ ಹೊತ್ತು ತರುತ್ತಾರೆ, ಅಷ್ಟೆ.

ಅದೇ ಗಂಜಿನಿಂದ ತರಬೇಕಾದ ಗುಣ ಬೇರೆ ಇದೆ. ಸವಾಲಿನಲ್ಲಿ ಧಾರಣೆ ತನ್ನ ಲೆಕ್ಕ ದಾಟಿತು ಅಂದರೆ ಖರೀದಿದಾರ ಮುಂದಿನ ರಾಶಿಗೆ ನಡೆಯುತ್ತಾನೆ. ಬಿಟ್ಟ ರಾಶಿಯ ಬಗ್ಗೆ ರಾತ್ರಿ ನಿದ್ದೆಗೆಡುವುದಿಲ್ಲ. ಕಿರ್ದಿಯಲ್ಲಿ ಇದಕ್ಕೂ ಜಾಗ ಕೊಡಿ. ಏನೂ ಕೊಳ್ಳದ ದಿನ ತಾರೀಖು ಹಾಕಿ 'ವ್ಯಾಪಾರ ಇಲ್ಲ' ಎಂದು ಒಂದು ಸಾಲು ಬರೆಯಿರಿ. ಸುಮ್ಮನಿದ್ದದ್ದನ್ನೂ ಕೆಲಸ ಎಂದು ಬರೆದಿಡುವ ಸೌಲಭ್ಯ ಆ್ಯಪುಗಳಲ್ಲಿ ಸಿಗುವುದಿಲ್ಲ.

ಮನಸ್ಸಿನ ಸ್ಥಿತಿಯ ಕಾಲಮ್ಮಿನ ಬಗ್ಗೆ ಶುರುವಿಗೆ ಅನುಮಾನ ಬರುವುದು ಸಹಜ, ಶಾಲೆ ಮಕ್ಕಳ ದಿನಚರಿಯಂತೆ ಕಾಣುತ್ತದೆ. ಉದ್ದ ಬರೆದರೆ ಹಾಗೇ ಆಗುತ್ತದೆ. ಒಂದೇ ಪದ ಸಾಕು: ಆತುರ, ಹೆದರಿಕೆ, ಬೇಸರ, ಸೇಡು, ನಿದ್ದೆ, ನೆಮ್ಮದಿ. ಆರೇ ಪದದಲ್ಲಿ ಆರಿಸಿಕೊಂಡರೆ ತಿಂಗಳ ಕೊನೆಗೆ ಎಣಿಸಬಹುದು. 'ಸೇಡು' ಎಂದು ಬರೆದ ಸಾಲುಗಳ ರೊಕ್ಕವನ್ನು ಮಾತ್ರ ಕೂಡಿ ನೋಡಿ. ಬೆಳಿಗ್ಗೆ 9:40ಕ್ಕೆ 2,000 ಹೋದದ್ದನ್ನು 10 ಗಂಟೆಯೊಳಗೆ ವಸೂಲು ಮಾಡಲು ಹೋದ ಸಾಲುಗಳು ಅವು, ಸಂಖ್ಯೆಯೂ ಅಲ್ಲಿ ಎರಡರಷ್ಟಾಗಿರುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು 9:15ಕ್ಕೆ ಮೊಬೈಲ್ ಹಿಡಿಯುವವರಿಗೆ 'ನಿದ್ದೆ' ಎಂಬ ಪದ ಬಹಳ ಹೇಳುತ್ತದೆ. ಪಾಳಿ ಇದ್ದ ವಾರ, ಇಲ್ಲದ ವಾರ ಎಂದು ಎರಡು ಮೊತ್ತ ತೆಗೆದರೆ ಮತ್ತೇನೂ ಹೇಳಬೇಕಿಲ್ಲ. ಅಂಥವರಿಗೆ ಇಂಟ್ರಾಡೇಗಿಂತ ಕೆಲವು ವಾರ ಇಟ್ಟುಕೊಳ್ಳುವ ಡೆಲಿವರಿ ವ್ಯವಹಾರವೇ ಹೊಂದುತ್ತದೆ, ಸಂಜೆ ಎದ್ದ ಮೇಲೆ ಬರೆಯಬಹುದು.

ತಿಂಗಳ ಮೊತ್ತ ತೆಗೆಯುವಾಗ ಗೆಲುವಿನ ಶೇಕಡಾವಾರು ಒಂದನ್ನೇ ನೋಡಿ ಬೀಗಬೇಡಿ. ನೂರು ವ್ಯವಹಾರದಲ್ಲಿ 40 ಗೆಲುವು, ಗೆದ್ದಾಗ ಸರಾಸರಿ 3,000, ಸೋತಾಗ 2,000 ಎಂದುಕೊಳ್ಳಿ. ಬಂದದ್ದು 1,20,000, ಹೋದದ್ದೂ 1,20,000, ಮೇಲೆ ಖರ್ಚು 7,500. ಅಂದರೆ ಸೋಲು. ಗೆದ್ದದ್ದನ್ನು ಇನ್ನಷ್ಟು ಹೊತ್ತು ಹಿಡಿದು ಸರಾಸರಿಯನ್ನು 4,000ಕ್ಕೆ ಏರಿಸಿದರೆ ಅದೇ 40 ಗೆಲುವಿಗೆ ಖರ್ಚು ಕಳೆದು 32,500 ಉಳಿಯುತ್ತದೆ. ಹತ್ತರಲ್ಲಿ ಆರು ಸಲ ತಪ್ಪಿದರೂ ಹೊಟ್ಟೆ ತುಂಬುವ ವ್ಯಾಪಾರ ಇದು. ಹತ್ತರಲ್ಲಿ ಆರು ಸಲ ತಪ್ಪು ಎನಿಸಿಕೊಳ್ಳಲು ತಯಾರಿರುವ ಜನ ಮಾತ್ರ ಕಡಿಮೆ. ಶಾಲೆಯಿಂದ ಹಿಡಿದು ಆಫೀಸಿನವರೆಗೆ ನೂರಕ್ಕೆ ಎಂಬತ್ತು ತೆಗೆದು ಅಭ್ಯಾಸವಾದ ಬುದ್ಧಿವಂತರಿಗೆ ಇದು ಹೆಚ್ಚು ಕಷ್ಟ. ಆರು ಸಲ ತಪ್ಪುವ ಲೆಕ್ಕದಲ್ಲಿ ನೂರು ವ್ಯವಹಾರಕ್ಕೆ ಒಂದು ಸಲವಾದರೂ ಸಾಲಾಗಿ ಆರೇಳು ಸೋಲು ಬರುವುದು ಮಾಮೂಲು ಎಂಬುದನ್ನೂ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಇಲ್ಲವಾದರೆ ಐದನೇ ಸೋಲಿಗೆ ಪದ್ಧತಿಯನ್ನೇ ಬದಲಿಸುತ್ತೀರಿ, ಹೊಸ ಪದ್ಧತಿಯ ಐದು ಸೋಲು ಅಲ್ಲಿಂದ ಶುರು.

ಈಗ ಪುಸ್ತಕ ಸೋಲುವ ಕಡೆ. ಅದಕ್ಕೆ ಕೈಯಿಲ್ಲ. 468 ಎಂದು ಎಷ್ಟು ದಪ್ಪಕ್ಷರದಲ್ಲಿ ಬರೆದರೂ ಎಕ್ಸ್‌ಚೇಂಜಿಗೆ ಅದು ಗೊತ್ತಾಗುವುದಿಲ್ಲ. ಕೊಂಡ ಕೂಡಲೇ ಆ್ಯಪಿನಲ್ಲಿ ಸ್ಟಾಪ್‌ಲಾಸ್ ಆರ್ಡರ್ ಹಾಕಿ ಆ ಸಾಲಿಗೆ ಒಂದು ಟಿಕ್ ಗುರುತು ಹಾಕಿಕೊಳ್ಳಬೇಕು. ಅಲ್ಲೂ ಒಂದು ಸೂಕ್ಷ್ಮ ಇದೆ: ಟ್ರಿಗರ್ (ಆರ್ಡರ್ ಎಚ್ಚರಗೊಳ್ಳುವ ಬೆಲೆ) 468, ಲಿಮಿಟ್ (ಇದಕ್ಕಿಂತ ಕಡಿಮೆಗೆ ಮಾರಬೇಡ ಎನ್ನುವ ಬೆಲೆ) 467.50 ಎಂದು ಬಿಗಿಯಾಗಿ ಇಟ್ಟರೆ, ಬೆಲೆ ಜಿಗಿದು 466ಕ್ಕೆ ಇಳಿದಾಗ ಆರ್ಡರ್ ಹಾಗೇ ನಿಂತುಬಿಡುತ್ತದೆ. ಟ್ರಿಗರಿಗೂ ಲಿಮಿಟಿಗೂ ನಡುವೆ ಸ್ವಲ್ಪ ಜಾಗ ಬಿಡಿ. ರಾತ್ರಿ ಇಟ್ಟುಕೊಂಡ ಶೇರಿಗೆ ಸ್ಟಾಪ್‌ಲಾಸೂ ಪೂರ್ತಿ ಕಾವಲಲ್ಲ. 2024ರ ಜೂನ್ 3ರಂದು 3%ಗಿಂತ ಹೆಚ್ಚು ಏರಿದ್ದ ನಿಫ್ಟಿ ಸೂಚ್ಯಂಕ, ಮರುದಿನ, ಅಂದರೆ ಲೋಕಸಭೆ ಮತ ಎಣಿಕೆಯ ದಿನ, 6%ರ ಹತ್ತಿರ ಕುಸಿಯಿತು. ಅಂಥ ದಿನದ ಮುಂಚೆ ಸಂಖ್ಯೆ ಇಳಿಸಬೇಕು, ಬೇರೆ ಉಪಾಯವಿಲ್ಲ.

ಎರಡನೆಯ ಸೋಲು: ಪುಸ್ತಕವನ್ನು ಮುಚ್ಚಿಟ್ಟು ಆಟ ಮುಂದುವರಿಸಬಹುದು. ದಿನಕ್ಕೆ ಮೂರು ಲುಕ್ಸಾನು ಆದರೆ ನಿಲ್ಲಿಸುತ್ತೇನೆ ಎಂದು ಬರೆದ ಹಾಳೆಯ ಮೇಲೇ ಮೊಬೈಲಿಟ್ಟು ನಾಲ್ಕನೆಯದನ್ನು ಹಾಕುವವರಿಗೆ ಬೀಗ ಬೇಕು, ಅದು ಆ್ಯಪಿನಲ್ಲೇ ಇದೆ. ಬ್ರೋಕರ್ ಕಂಪನಿ ಝೆರೋಧಾದ ಕಿಲ್ ಸ್ವಿಚ್ ಒತ್ತಿದರೆ ನೀವು ಆರಿಸಿದ ವಿಭಾಗದ ಟ್ರೇಡಿಂಗ್ ಬಂದ್, 12 ಗಂಟೆಯೊಳಗೆ ಮತ್ತೆ ತೆರೆಯಲು ಬರುವುದಿಲ್ಲ. ಸೋತ ಮಧ್ಯಾಹ್ನಕ್ಕೆ 12 ಗಂಟೆ ಸಾಕು. ಪುಸ್ತಕದಲ್ಲಿ ಕಾಯಿದೆ, ಮೊಬೈಲಿನಲ್ಲಿ ಬೀಗ, ಹೀಗೆ ಹಂಚಿಕೊಂಡರೆ ಎರಡೂ ಚೆನ್ನಾಗಿ ದುಡಿಯುತ್ತವೆ.

ಮೂರನೆಯದು ಸುಳ್ಳು. ಬಲಪುಟದ ರೊಕ್ಕವನ್ನು ನೆನಪಿನಿಂದ ಬರೆಯಬೇಡಿ. ರಾತ್ರಿ ಇಮೇಲಿಗೆ ಬರುವ ಕಾಂಟ್ರಾಕ್ಟ್ ನೋಟಿನ (ಆ ದಿನದ ವ್ಯವಹಾರಕ್ಕೆ ಬ್ರೋಕರ್ ಕೊಡುವ ಲೆಕ್ಕದ) ಕೊನೆಯ ಮೊತ್ತ ನೋಡಿ ಬರೆಯಿರಿ. ಎರಡಕ್ಕೂ ತಾಳೆಯಾಗದ ದಿನ ಯಾವುದೋ ಒಂದು ವ್ಯವಹಾರ ಪುಸ್ತಕಕ್ಕೆ ಬಂದಿಲ್ಲ ಎಂದರ್ಥ, ಮತ್ತು ಅದು ಸಾಮಾನ್ಯವಾಗಿ ಗೆದ್ದದ್ದಾಗಿರುವುದಿಲ್ಲ. ತೆರಿಗೆಗೆ ಈ ಕಿರ್ದಿ ನಡೆಯುವುದಿಲ್ಲ, ಆಡಿಟರಿಗೆ ಬ್ರೋಕರ್ ಕೊಡುವ ಟ್ಯಾಕ್ಸ್ ವರದಿಯನ್ನೇ ಕೊಡಿ. ಇಂಟ್ರಾಡೇ ಲುಕ್ಸಾನನ್ನು ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು, ರಿಟರ್ನ್ ಗಡುವಿನೊಳಗೆ ಹಾಕಿದ್ದರೆ ಮಾತ್ರ.

ಬೇರೆ ಆಯ್ಕೆಗಳ ಬಗ್ಗೆ ಎರಡೇ ಮಾತು. ಆನ್‌ಲೈನಿನಲ್ಲಿ ಸಿಗುವ, ಟ್ರೇಡಿಂಗ್ ಜರ್ನಲ್ ಎಂದೇ ಅಚ್ಚಾದ ಪುಸ್ತಕಗಳಲ್ಲಿ ಕಾಲಂ ಹೆಚ್ಚು, ಜಾಗ ಕಡಿಮೆ. ಹತ್ತು ದಿನಕ್ಕೆ ಬೇಸರ ಬರುತ್ತದೆ. ಎಕ್ಸೆಲ್ ಲೆಕ್ಕಕ್ಕೆ ಒಳ್ಳೆಯದು, ತಿಂಗಳಿಗೊಮ್ಮೆ ಕಿರ್ದಿಯ ಬಲಪುಟವನ್ನು ಅದಕ್ಕೆ ಇಳಿಸಿದರೆ ಸರಾಸರಿ ತೆಗೆಯುವ ಶ್ರಮ ತಪ್ಪುತ್ತದೆ. ಆದರೆ ಆರ್ಡರಿಗೆ ಮುಂಚೆ ಲ್ಯಾಪ್‌ಟಾಪ್ ತೆಗೆದು ಟೈಪ್ ಮಾಡುವವರು ಅಪರೂಪ, ಮೇಲಾಗಿ ಅದರಲ್ಲಿ ಒಂದು ಸಾಲು ಅಳಿಸಿದರೆ ಕಲೆ ಉಳಿಯುವುದಿಲ್ಲ.

ಬಾಳಿಕೆ ಎಷ್ಟು? ಇನ್ನೂರು ಪುಟ ಅಂದರೆ ಎದುರುಬದುರು ನೂರು ಜೋಡಿ, ಜೋಡಿಗೆ ಹತ್ತು ಸಾಲು, ಒಟ್ಟು ಸಾವಿರ ವ್ಯವಹಾರ. ಶೇರುಪೇಟೆ ವರ್ಷಕ್ಕೆ 250 ದಿನದ ಆಸುಪಾಸು ತೆರೆದಿರುತ್ತದೆ. ದಿನಕ್ಕೆ ಎರಡರಂತೆ ಬರೆದರೆ ಪುಸ್ತಕ ಎರಡು ವರ್ಷ ಬರುತ್ತದೆ. ನಾಲ್ಕು ತಿಂಗಳಲ್ಲೇ ಮುಗಿದು ಹೊಸದು ಕೇಳಲು ಅಂಗಡಿಗೆ ಹೊರಟಿದ್ದರೆ, ಹೋಗುವ ಮುಂಚೆ ಹಳೆಯದರ ಖರ್ಚಿನ ಮೊತ್ತ ಒಮ್ಮೆ ಕೂಡಿಸಿ. ಒಂದಕ್ಕೆ 75ರಂತೆ ಆ ಪುಸ್ತಕ ನಿಮಗೆ ಬಿದ್ದ ಬೆಲೆ 75,000 ರೂಪಾಯಿ.